ನನ್ನ ಮಗ ಪಾಸಾದ ಮಳೆಗಾಲ

ಮೊನ್ನೆ ಯಾವುದೋ ಕಾರ್ಡಿನ ಕೆಲಸಕ್ಕೆಂದು ನಗರ ಕಚೇರಿಗೆ ಹೋಗಿದ್ದೆ. ಹೊರಗೆ ಜೂನ್ ತಿಂಗಳ ಜಿಟಿಜಿಟಿ ಮಳೆ. ಇಲ್ಲಿ ಬಾಗಿಲಲ್ಲೇ ಒದ್ದೆ ಕೊಡೆಗೆ ತೊಡಿಸಲು ಉದ್ದನೆಯ ಪ್ಲಾಸ್ಟಿಕ್ ಚೀಲಗಳನ್ನು ಇಟ್ಟಿರುತ್ತಾರೆ. ಒಂದನ್ನು ಎಳೆದುಕೊಂಡು ಕೊಡೆಯನ್ನು ತೂರಿಸಿದೆ. ಹೊಸ ಪ್ಲಾಸ್ಟಿಕ್ಕು, ಒದ್ದೆ ಬಟ್ಟೆ, ಆಗಷ್ಟೇ ಒರೆಸಿದ ನೆಲ, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಮುಂದಕ್ಕೆ ಹೋಗಲೇ ಇಲ್ಲ. ಹಿಂದೆ ಬರುತ್ತಿದ್ದ ಮುದುಕರೊಬ್ಬರು "ಸುಮಿಮಾಸೆನ್" ಎಂದು ನನ್ನನ್ನು ಬಳಸಿಕೊಂಡು ಒಳಗೆ ಹೋದರು. ಬಾಗಿಲಿಗೆ ಅಡ್ಡ ನಿಂತವಳು ನಾನು, ಕ್ಷಮೆ ಕೇಳಿದವರು ಅವರು. ಈ ದೇಶದಲ್ಲಿ ಹಾಗೆಯೇ, ಜಗಳವಾಡೋಣ ಎಂದರೂ ಜನ ಸಿಗುವುದಿಲ್ಲ.

ಆ ವರ್ಷ ನನಗೆ ಬೇಕಾಗಿದ್ದದ್ದು ಅದೇ, ಜಗಳವಾಡಲು ಒಬ್ಬ ಮನುಷ್ಯ.

ನಾವು ಜಪಾನಿಗೆ, ಟೋಕಿಯೋ ಪಕ್ಕದ ಗ್ಯೋಟೋಕುವಿಗೆ ಬಂದದ್ದು ಇಲ್ಲಿ ದೊಡ್ಡ ಭೂಕಂಪವಾಗಿ ನಾಲ್ಕು ವರ್ಷ ಕಳೆದ ಮೇಲೆ, ಮಾರ್ಚ್ ತಿಂಗಳಲ್ಲಿ. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಹಿಂದಿದ್ದ ಬಾಡಿಗೆಯವರು ಬಾಗಿಲ ಪಕ್ಕದಲ್ಲಿ ಟಾರ್ಚು, ನೀರಿನ ಬಾಟಲಿ ತುಂಬಿದ ಬೆನ್ನುಚೀಲವೊಂದನ್ನು ಹಾಗೇ ಬಿಟ್ಟು ಹೋಗಿದ್ದರು. ಭೂಮಿ ಅಲುಗಿದರೆ ಹಾಕಿಕೊಂಡು ಓಡುವುದಕ್ಕೆ. ನಮ್ಮ ಯಜಮಾನರು ಗಿರೀಶ, ಬೆಳಿಗ್ಗೆ ಏಳೂವರೆಗೆ ತೋಜಾಯ್ ಲೈನಿನ ರೈಲು ಹತ್ತಿದರೆ ಮನೆಗೆ ಬರುವ ಹೊತ್ತಿಗೆ ಮಗ ಮಲಗಿರುತ್ತಿದ್ದ. ಹೊಸ ಕೆಲಸ, ಒಂದು ವರ್ಷದ ಕಾಂಟ್ರಾಕ್ಟು. ರಜೆ ಕೇಳಲು ಅವರಿಗೆ ಬಾಯೇ ಬರುತ್ತಿರಲಿಲ್ಲ. ಹಗಲಿಡೀ ನಾನು ಮತ್ತು ಧ್ರುವ.

ಧ್ರುವನಿಗೆ ಆಗ ಮೂರು ತುಂಬಿತ್ತು. ಒಂದು ಮಾತಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಆಟದ ಕಾರನ್ನು ಮಗುಚಿ ಹಾಕಿಕೊಂಡು ಅದರ ಚಕ್ರವನ್ನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತಿರುಗಿಸುತ್ತ ಕೂರುತ್ತಿದ್ದ. ಭೂಕಂಪದ ಎಚ್ಚರಿಕೆ ಕೊಡಲು ಬೀದಿಯಲ್ಲಿ ಕಂಬಕ್ಕೆ ಕಟ್ಟಿದ ಧ್ವನಿವರ್ಧಕ ದಿನಾ ಸಂಜೆ ಐದಕ್ಕೆ ಒಂದು ಹಾಡು ನುಡಿಸುತ್ತದೆ. ಊರ ಮಕ್ಕಳಿಗೆಲ್ಲ ಅದು ಮನೆಗೆ ಹೋಗುವ ಗಂಟೆ, ನನ್ನ ಮಗನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಗಂಟೆ.

ಒಂದಕ್ಕೆ ಮಾತ್ರ ಅವನು ಬರುತ್ತಿದ್ದ. ನಾನು ಭಜನೆಗೆ ತಟ್ಟುವ ಹಾಗೆ ಚಪ್ಪಾಳೆ ತಟ್ಟಿದರೆ ಎಲ್ಲ ಬಿಟ್ಟು ಓಡಿಬಂದು ನನ್ನ ಕೈಗಳ ಮೇಲೆ ತನ್ನ ಪುಟ್ಟ ಕೈಗಳನ್ನಿಟ್ಟು, ನನ್ನ ಕಣ್ಣನ್ನೇ ನೋಡುತ್ತ ಕಿಲಕಿಲ ನಗುತ್ತಿದ್ದ. ನಮ್ಮಿಬ್ಬರ ನಡುವೆ ಇದ್ದ ಮಾತು ಅದೊಂದೇ. ಅಯ್ಯೋ, ಆ ನಗುವಿಗಾಗಿ ನಾನು ಅಂಗೈ ಕೆಂಪಾಗುವವರೆಗೂ ತಟ್ಟುತ್ತಿದ್ದೆ.

ಮೇ ತಿಂಗಳಲ್ಲಿ ಮೂರು ವರ್ಷದ ಮಕ್ಕಳ ಆರೋಗ್ಯ ತಪಾಸಣೆಗೆ ಕರೆ ಬಂತು. ಅಲ್ಲಿನ ನರ್ಸ್ ಧ್ರುವನನ್ನು ಸುಮಾರು ಹೊತ್ತು ನೋಡಿ, ನಗರ ಕಚೇರಿಯಲ್ಲಿ ಮಕ್ಕಳ ಬೆಳವಣಿಗೆಯ ಕೌಂಟರಿಗೆ ಹೋಗಿ ಎಂದು ಚೀಟಿ ಕೊಟ್ಟರು. ಮಾತು ಬರದ, ಬೆರೆಯಲಾಗದ ಮಕ್ಕಳಿಗೆ ಕಲಿಸುವ ಕೇಂದ್ರವೊಂದಿದೆ, ಖರ್ಚನ್ನು ಹೆಚ್ಚುಕಡಿಮೆ ಸರ್ಕಾರವೇ ನೋಡಿಕೊಳ್ಳುತ್ತದೆ ಎಂದು ತಿಳಿಯಿತು. ಅಲ್ಲಿಗೆ ಸೇರಲು ನಗರ ಕಚೇರಿಯ ಪ್ರಮಾಣಪತ್ರ ಬೇಕು. ಹತ್ತಿರದ ಶಿಶುವಿಹಾರದವರೂ, ಆ ಕೇಂದ್ರದ ಬೆಂಬಲವಿದ್ದರೆ ಮುಂದಿನ ಏಪ್ರಿಲ್‌ಗೆ ಸೇರಿಸಿಕೊಳ್ಳುತ್ತೇವೆ, ಇಲ್ಲದಿದ್ದರೆ ನಮ್ಮ ಕೈಲಾಗದು ಎಂದು ತಲೆಬಾಗಿ ಹೇಳಿದ್ದರು. ಎಲ್ಲ ಬಾಗಿಲಿಗೂ ಬೀಗದ ಕೈ ಆ ಒಂದು ಪತ್ರ.

ಗಿರೀಶ ಆಫೀಸಿನಲ್ಲಿ ವಿಚಾರಿಸಿಕೊಂಡು ಬಂದರು. "ವಸು, ಅಲ್ಲಿ ಸೀಟು ಕಮ್ಮಿ ಅಂತೆ. ಒಂದು ಅಸೆಸ್‌ಮೆಂಟ್ ಮಾಡ್ತಾರಂತೆ, ಅದರ ಮೇಲೆ ಕೊಡ್ತಾರೋ ಇಲ್ವೋ ಅಂತ ಡಿಸೈಡ್ ಆಗುತ್ತಂತೆ."

"ಅಂದ್ರೆ ಇಂಟರ್‌ವ್ಯೂ."

"ಹೂಂ, ಒಂಥರಾ ಹಾಗೇ."

"ಅಷ್ಟೇ ತಾನೇ? ಬಿಡ್ರೀ ನಂಗೆ."

ನಾನು ಹಾಗೆಂದದ್ದು ಸುಮ್ಮನೆ ಅಲ್ಲ. ಮದುವೆಗೆ ಮುಂಚೆ ಬೆಂಗಳೂರಿನ ವಿಜಯನಗರದಲ್ಲಿ ನಾಲ್ಕು ವರ್ಷ ಎಲ್‌ಕೆಜಿ ಟೀಚರ್ ಆಗಿದ್ದವಳು ನಾನು. ಹಗಲು ಶಾಲೆಯಲ್ಲಿ ಅಡ್ಮಿಷನ್ ಇಂಟರ್‌ವ್ಯೂಗೆ ಕೂರುತ್ತಿದ್ದೆ, ಸಂಜೆ ಬೇರೆ ಶಾಲೆಗಳ ಇಂಟರ್‌ವ್ಯೂಗೆ ಅಕ್ಕಪಕ್ಕದ ಮಕ್ಕಳನ್ನು ತಯಾರು ಮಾಡುತ್ತಿದ್ದೆ. ಕೆಂಪು ಯಾವುದು, ನಾಯಿ ಯಾವುದು, 'ಗುಡ್ ಮಾರ್ನಿಂಗ್ ಮಿಸ್' ಹೇಗೆ ಹೇಳಬೇಕು. ವಸು ಮಿಸ್ ಹತ್ತಿರ ಬಿಟ್ಟರೆ ಸೀಟು ಗ್ಯಾರಂಟಿ ಅನ್ನುವ ಹೆಸರಿತ್ತು. ಸೀಟು ಕಡಿಮೆ ಅಂದರೆ ಚುರುಕಿನ ಮಕ್ಕಳಿಗೆ ಸಿಗುತ್ತದೆ. ಇದಕ್ಕಿಂತ ಬೇರೆ ನ್ಯಾಯವೊಂದು ಪ್ರಪಂಚದಲ್ಲಿ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಹದಿನೆಂಟು ದಿನ ಸಿಕ್ಕಿತು. ನೂರು ಯೆನ್ ಅಂಗಡಿಯಿಂದ ಮರದ ಚೌಕಗಳು, ಚಿತ್ರದ ಕಾರ್ಡುಗಳು ತಂದೆ. ಧ್ರುವ ಮೊದಲು ಎಲ್ಲವನ್ನೂ ಎಸೆದ, ಅತ್ತ, ನನ್ನ ಕೈ ಕಚ್ಚಿದ. ಆಗ ನನ್ನ ಟೀಚರ್ ತಲೆ ಓಡಿತು. ಕೆಂಪು ಚೌಕದ ಮೇಲೆ ಕೆಂಪನ್ನು ಇಟ್ಟರೆ ಚಪ್ಪಾಳೆ, ಇಲ್ಲದಿದ್ದರೆ ಇಲ್ಲ. ಅದುವರೆಗೆ ಕೇಳದೆಯೇ ಸಿಗುತ್ತಿದ್ದದ್ದು ಈಗ ಕೂಲಿಯಾಯಿತು. ಮೂರನೇ ದಿನ ಇಟ್ಟ. ತಟ್ಟಿದೆ. ನಕ್ಕ. ವಾರದೊಳಗೆ ಮೂರು ಚೌಕದ ಸೇತುವೆ ಕಟ್ಟಿದ. 'ಇನು' ಎಂದರೆ ನಾಯಿಯ ಕಾರ್ಡು, 'ಕುರುಮಾ' ಎಂದರೆ ಕಾರಿನ ಕಾರ್ಡು, 'ಚೋದಾಯ್' ಎಂದು ಕೈ ಚಾಚಿದರೆ ಕೈಯಲ್ಲಿದ್ದದ್ದನ್ನು ಕೊಡುವುದು. ಪ್ರತಿಯೊಂದಕ್ಕೂ ಒಂದು ಸಲ ನನ್ನ ಕೈಗಳ ಕಡೆ ನೋಡಿ ಕಾಯುತ್ತಿದ್ದ. ನಾನು ತಟ್ಟಿದ ಮೇಲೆ ಮುಂದಿನದು.

ನಗರ ಕಚೇರಿಯಲ್ಲಿ ಪರೀಕ್ಷೆ ಮಾಡಿದವರು ನಿಶಿಮುರಾ ಸಾನ್, ಐವತ್ತರ ಆಸುಪಾಸಿನ ಹೆಂಗಸು, ಮೆತ್ತಗಿನ ದನಿ. ಹೊರಗೆ ಮಳೆ, ನನ್ನ ತೊಡೆಯ ಪಕ್ಕದಲ್ಲಿ ಆ ಪ್ಲಾಸ್ಟಿಕ್ ತೊಟ್ಟ ಕೊಡೆ. ಅವರು ತೆಗೆದದ್ದು ಅದೇ ಚೌಕ, ಹೆಚ್ಚುಕಡಿಮೆ ಅವೇ ಕಾರ್ಡು. ಧ್ರುವ ಒಂದೊಂದಾಗಿ ಮಾಡಿದ, ನಾನು ತಟ್ಟಿದೆ, ನಿಶಿಮುರಾ ಸಾನ್ ಕೂಡ "ಸುಗೋಯ್, ಸುಗೋಯ್" ಎಂದು ಹೊಗಳಿದರು. ಆಮೇಲೆ ಫೋನಿನಲ್ಲಿ ಇಂಗ್ಲಿಷಿನ ದುಭಾಷಿಯೊಬ್ಬರನ್ನು ಇಟ್ಟುಕೊಂಡು ನನ್ನನ್ನು ಕೇಳಿದರು. ಮನೆಯಲ್ಲಿ ಮಾತಾಡುತ್ತಾನಾ? ಓಹೋ, ಕನ್ನಡದಲ್ಲಿ ಬೇಕಾದಷ್ಟು. ತಾನೇ ಊಟ ಮಾಡುತ್ತಾನಾ? ಮಾಡುತ್ತಾನೆ. ಬೇರೆ ಮಕ್ಕಳ ಜೊತೆ ಆಡುತ್ತಾನಾ? ತುಂಬಾ. ನಿದ್ದೆ? ಆಹಾ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಬೇರೆ, ಹೆಗ್ಗಣವನ್ನು ರಾಜಕುಮಾರ ಅಂತ ಸರ್ಕಾರಕ್ಕೆ ಬರೆದುಕೊಡುವುದು ಬೇರೆ. ಕನ್ನಡ ಬಲ್ಲವರು ಯಾರೂ ಅಲ್ಲಿರಲಿಲ್ಲವಲ್ಲ, ಸುಳ್ಳು ಎಂಬುದು ಯಾರಿಗೆ ಗೊತ್ತಾಗಬೇಕು?

ಜುಲೈ ಮೊದಲ ವಾರ ಕಾಗದ ಬಂತು. ನಮ್ಮಿಬ್ಬರಿಗೂ ಜಪಾನಿ ಓದಲು ಬಾರದು. ಕೆಳಗಡೆ ದೊಡ್ಡ ಕೆಂಪು ಮುದ್ರೆ. ಕೆಂಪು ಮುದ್ರೆ ಬಿದ್ದರೆ ಮಂಜೂರಾದ ಹಾಗೆ ಎಂದುಕೊಂಡು ನಾನು ಆ ಕಾಗದವನ್ನು ದೇವರ ಪಟದ ಮುಂದಿಟ್ಟು, ಮೂಲೆಗೆ ಕುಂಕುಮ ಹಚ್ಚಿ, ಕೇಸರಿಬಾತು ಮಾಡಿದೆ. ಊರಿಗೆ ಫೋನ್ ಮಾಡಿ ಅತ್ತೆಗೂ ಹೇಳಿದೆ. "ನನ್ನ ಮೊಮ್ಮಗ ಅಂದ್ರೆ ಸುಮ್ನೇನಾ?" ಎಂದು ಅವರೂ ಹಿಗ್ಗಿದರು.

ಆ ಭಾನುವಾರ ಊಟಕ್ಕೆ ಮಮತಾ ಬಂದಳು. ಹಾಸನದ ಹುಡುಗಿ, ಇವರ ಸಹೋದ್ಯೋಗಿಯೊಬ್ಬರ ತಂಗಿ. ಟೋಕಿಯೋದ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು, ಜಪಾನಿ ಓದಲು ಬರೆಯಲು ಬರುತ್ತಿತ್ತು. ಕಾಗದವನ್ನು ಅವಳ ಕೈಗಿಟ್ಟೆ.

"ಅಕ್ಕ, ಇದಕ್ಕೆ ಕುಂಕುಮ ಯಾಕೆ ಹಚ್ಚಿದೀರಾ?"

"ಸೀಟ್ ಸಿಕ್ತಲ್ಲ ಕಣೇ! ಯಾವತ್ತಿಂದ ಶುರು ಅಂತ ಓದು."

ಅವಳು ಓದಿದಳು. ಮತ್ತೊಂದು ಸಲ ಓದಿದಳು. ತಟ್ಟೆಯನ್ನು ಪಕ್ಕಕ್ಕಿಟ್ಟಳು. "ಅಕ್ಕ, ಇದು ಸೀಟ್ ಲೆಟರ್ ಅಲ್ಲ. ಮಗು ವಯಸ್ಸಿಗೆ ತಕ್ಕ ಹಾಗೆ ಇದಾನೆ, ದೇಶ ಬದಲಾಗಿರೋದ್ರಿಂದ ಮಾತು ನಿಧಾನ ಇರಬಹುದು, ಸದ್ಯಕ್ಕೆ ಸಪೋರ್ಟ್ ಬೇಕಾಗಿಲ್ಲ ಅಂತ ಬರ್ದಿದಾರೆ."

"ಅಂದ್ರೆ ಪಾಸಾಗಿದಾನೆ ತಾನೇ?"

"ಪಾಸಾಗಿದಾನೆ ಅಕ್ಕ. ಅದಕ್ಕೇ ಕೊಡಲ್ಲ. ಆ ಸೀಟು ಇದೆಲ್ಲ ಮಾಡಕ್ಕಾಗದೇ ಇರೋ ಮಕ್ಕಳಿಗೆ ಕೊಡೋದು."

ಗಿರೀಶ ನನ್ನ ಮುಖ ನೋಡಿದರು. ನಾನು ಯಾರ ಮುಖವನ್ನೂ ನೋಡಲಿಲ್ಲ. ಒಳಗೆ ಹೋಗಿ ಉಳಿದ ಕೇಸರಿಬಾತನ್ನು ಪಾತ್ರೆ ಸಮೇತ ಸಿಂಕಿಗೆ ಹಾಕಿದೆ. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಾಗಾಯಿತು.

ಅಲ್ಲಿಂದ ಶುರುವಾಯಿತು ನನ್ನ ಅಲೆದಾಟ. ವಾರಕ್ಕೆರಡು ಸಲ ಧ್ರುವನನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಕೌಂಟರಿಗೆ ಹೋಗುತ್ತಿದ್ದೆ. ಯಂತ್ರದಿಂದ ನಂಬರ್ ಚೀಟಿ ತೆಗೆದುಕೊಂಡು ಕೂರುವುದು, ಅವನು ನೆಲಕ್ಕೆ ಬಿದ್ದು ಹೊರಳುವುದು, ಸುತ್ತಲಿನವರೆಲ್ಲ ಏನೂ ಕಾಣದವರ ಹಾಗೆ ತಮ್ಮ ಮೊಣಕಾಲು ನೋಡಿಕೊಳ್ಳುವುದು. ನಂಬರ್ ಬಂದಾಗ ಮೊಬೈಲಿನಲ್ಲಿ ಬರೆದುಕೊಂಡ ನಾಲ್ಕು ವಾಕ್ಯ ಓದುತ್ತಿದ್ದೆ. ಅವರು ಪೂರ್ತಿ ಕೇಳಿ, ಎದ್ದು ನಿಂತು ತಲೆಬಾಗಿ, "ಯೋಸು ಓ ಮಿಮಾಶೋ" ಅನ್ನುತ್ತಿದ್ದರು. ಸ್ವಲ್ಪ ದಿನ ಕಾದು ನೋಡೋಣ ಎಂದರ್ಥ. ಆರು ತಿಂಗಳಾದ ಮೇಲೆ ಮತ್ತೊಮ್ಮೆ ಅರ್ಜಿ ಹಾಕಬಹುದು. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು, ಲಂಚ ಕೇಳಿದ್ದರೆ ಶಾಪ ಹಾಕಬಹುದಿತ್ತು. ನನ್ನ ಮಗ ಚೆನ್ನಾಗಿದ್ದಾನೆ ಎನ್ನುವವರ ಮೇಲೆ ಹೇಗೆ ಕೂಗಾಡುವುದು? ಹಾಗೆಂದು ಅವರಿಗೆ ಹೇಳಿದವಳು ನಾನೇ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಕಸ ಹಾಕಿ ಬರುವಷ್ಟರಲ್ಲಿ ಬಾಗಿಲು ತೆರೆದು ಹೋಗಿಬಿಟ್ಟಿದ್ದ. ಚಪ್ಪಲಿಯೂ ಇಲ್ಲದೆ ಬೀದಿಬೀದಿ ಓಡಿದೆ. ಹೆಸರು ಕೂಗಿದರೆ ತಿರುಗುವ ಮಗುವಾದರೆ ಕೂಗಬಹುದು. ನಾನು ಚಪ್ಪಾಳೆ ತಟ್ಟುತ್ತ ಓಡಿದೆ. ಜನ ಹುಚ್ಚಿ ಎಂದುಕೊಂಡಿರಬೇಕು. ರೈಲು ಹಳಿಯ ಮೇಲ್ಸೇತುವೆ ಕೆಳಗಿನ ಸೈಕಲ್ ನಿಲ್ದಾಣದಲ್ಲಿ, ಎರಡು ಸೈಕಲ್ಲುಗಳ ನಡುವೆ ಅಂಗಾತ ಮಲಗಿದ್ದವನು ನನ್ನ ಚಪ್ಪಾಳೆ ಕೇಳಿ ಎದ್ದು ಬಂದ. ಆ ಸದ್ದೊಂದಿಲ್ಲದಿದ್ದರೆ ಅವತ್ತು ನನಗೆ ಮಗನಿಲ್ಲ.

ಸೆಪ್ಟೆಂಬರಿನಲ್ಲಿ ಇನ್ನೊಂದು ದಿನ. ಸ್ಟೇಷನ್ನಿನಲ್ಲಿ ಅವನ ಕೈ ಹಿಡಿದು ನಿಂತಿದ್ದೆ. ಎರಡು ವಾರದಿಂದ ಸರಿಯಾಗಿ ನಿದ್ದೆಯಿರಲಿಲ್ಲ. ರ‍್ಯಾಪಿಡ್ ರೈಲು ಗ್ಯೋಟೋಕುವಿನಲ್ಲಿ ನಿಲ್ಲದೆ ಹೋಗುತ್ತದೆ. ಅದು ಬರುವ ಸದ್ದು ಕೇಳಿಸಿತು. ಹಳದಿ ಗೆರೆಯ ಮೇಲಿದ್ದ ನನ್ನ ಪಾದಗಳನ್ನು ನೋಡಿದೆ. ಆಮೇಲೆ ಹಿಂದಕ್ಕೆ, ಹಿಂದಕ್ಕೆ ಸರಿದು, ಪಾನೀಯದ ಯಂತ್ರಕ್ಕೆ ಬೆನ್ನು ಒತ್ತಿ ನಿಂತುಕೊಂಡೆ. ನನ್ನ ಬಗ್ಗೆಯೇ ನನಗೆ ಭಯವಾಗಿತ್ತು. ಅದನ್ನು ಅವತ್ತು ಗಿರೀಶನಿಗೆ ಹೇಳಲಿಲ್ಲ. ಮಮತಾಗೆ ಫೋನ್ ಮಾಡಿ ಹೇಳಿದೆ.

ಅವಳು ಲ್ಯಾಬಿನಿಂದ ನೇರ ಬಂದಳು. "ಅಕ್ಕ, ಡಿಸೆಂಬರ್‌ಗೆ ಮತ್ತೆ ಅಪ್ಲೈ ಮಾಡೋಣ. ಟ್ರಾನ್ಸ್‌ಲೇಟರ್ ನಾನೇ ಬರ್ತೀನಿ. ಆದ್ರೆ ಈ ಸಲ ನೀವು ನಿಜ ಹೇಳ್ಬೇಕು. ಅವನಿಗೆ ಏನೇನು ಬರಲ್ಲ ಅಂತ ಪಟ್ಟಿ ಮಾಡಿ."

ಪಟ್ಟಿ ಮಾಡಲು ಕುಳಿತೆ. ನಾಲ್ಕು ವರ್ಷ ಊರ ಮಕ್ಕಳ ಪ್ರೋಗ್ರೆಸ್ ಕಾರ್ಡಿನಲ್ಲಿ 'ಗುಡ್', 'ವೆರಿ ಗುಡ್' ಬರೆದ ಕೈ. ಮಾತು ಬರಲ್ಲ. ಕರೆದರೆ ತಿರುಗಲ್ಲ. ತಾನೇ ಉಣ್ಣಲ್ಲ. ಚಡ್ಡಿ ಒದ್ದೆ ಮಾಡಿಕೊಳ್ಳುತ್ತಾನೆ. ಭಾನುವಾರ ಅಪ್ಪ ಎದುರಿಗೆ ಬಂದರೆ ಗುರುತು ಹಿಡಿದ ಹಾಗೆ ಕಾಣಲ್ಲ. ಗಿರೀಶ ಅದನ್ನೋದಿ ಸಿಡಿದರು. "ನಮ್ಮ ಮಗನ್ನ ನಾವೇ ಹೀಗೆ ಬರ್ದುಕೊಡೋದಾ? ನಾಳೆ ಇದೇ ಪೇಪರ್ ಅವನ ಹಿಂದೆ ಬರುತ್ತೆ ವಸು."

"ಬರ್ಲಿ! ನೀವು ಒಂದು ದಿನ, ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಒಂದು ದಿನ ಮನೇಲಿರಿ. ಆಮೇಲೆ ಹೇಳಿ!" ಎಂದು ಕಿರುಚಿದೆ. ಅವರು ಪಟ್ಟಿಯನ್ನು ಮೊದಲಿನಿಂದ ಇನ್ನೊಮ್ಮೆ ಓದಿ ಮೇಜಿನ ಮೇಲಿಟ್ಟರು. ಆಮೇಲೆ ಅರ್ಜಿಯ ಕೆಳಗೆ, ಇಲ್ಲಿಯ ರೂಢಿಯಂತೆ ಸಹಿಯ ಬದಲು, ತಮ್ಮ ಹೆಸರಿನ ಮುದ್ರೆ ಒತ್ತಿದರು.

ಡಿಸೆಂಬರಿನ ಆ ಬೆಳಿಗ್ಗೆ ಅದೇ ಕೋಣೆ, ಅದೇ ನಿಶಿಮುರಾ ಸಾನ್. ನಾನು ಕನ್ನಡದಲ್ಲಿ ಒಂದೊಂದೇ ಹೇಳಿದೆ, ಮಮತಾ ಜಪಾನಿಯಲ್ಲಿ ಹೇಳಿದಳು. ಹೋದ ಸಲ ನಾನು ಹೇಳಿದ್ದೆಲ್ಲ ಸುಳ್ಳು ಎಂಬುದನ್ನೂ ಹೇಳಿದೆ. ಧ್ರುವ ಕಾಲ ಬಳಿ ಕೂತಿದ್ದ. ಅವನಿಗೆ ಎಷ್ಟು ಅರ್ಥವಾಗುತ್ತಿತ್ತೋ, ಆ ಕೋಣೆಯಲ್ಲಿ ಕನ್ನಡ ಬಲ್ಲ ಮೂರನೆಯವನು ಅವನೇ. ನಿಶಿಮುರಾ ಸಾನ್ ಎಲ್ಲ ಬರೆದುಕೊಂಡು, ಹಾಗಾದರೆ ಈಗ ಮಗುವನ್ನು ನೋಡೋಣ ಎಂದು ಚೌಕಗಳ ಪೆಟ್ಟಿಗೆ ತೆರೆದರು.

ಆರು ತಿಂಗಳಿಂದ ಆ ಚೌಕಗಳನ್ನು ನಾನು ಅವನಿಗೆ ತೋರಿಸಿರಲಿಲ್ಲ. ಮರೆತಿರುತ್ತಾನೆ ಎಂದುಕೊಂಡಿದ್ದೆ. ಅವನು ಕೆಂಪನ್ನು ತೆಗೆದು ಕೆಂಪಿನ ಮೇಲೆ ಇಟ್ಟ.

ದೇವರೇ, ಬೇಡ ಎಂದುಕೊಂಡೆ. ಇಂಟರ್‌ವ್ಯೂಗೆ ಕೂತ ಎಷ್ಟೋ ತಾಯಂದಿರನ್ನು ಕಂಡಿದ್ದೇನೆ. ಮಗು ತಪ್ಪಲಿ ಎಂದು ಬೇಡಿಕೊಂಡ ತಾಯಿಯನ್ನು ಕಂಡಿರಲಿಲ್ಲ.

ಇಟ್ಟವನು ನನ್ನ ಕೈಗಳ ಕಡೆ ತಿರುಗಿದ. ಕಾದ. ತಟ್ಟಿದರೆ ಮುಂದಿನದನ್ನು ಮಾಡುತ್ತಾನೆ, ಸೇತುವೆ ಕಟ್ಟುತ್ತಾನೆ, ನಾಯಿ ತೋರಿಸುತ್ತಾನೆ, ಪಾಸಾಗುತ್ತಾನೆ, ಮತ್ತೆ ಆರು ತಿಂಗಳು. ಆ ಪ್ಲಾಟ್‌ಫಾರಂ ನೆನಪಾಯಿತು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತೆ.

ಅವನು ಚೌಕವನ್ನು ತೆಗೆದು ಮತ್ತೊಮ್ಮೆ ಇಟ್ಟ. ಸರಿಯಾಗಿ ಕೂರಲಿಲ್ಲವೇನೋ ಎಂಬಂತೆ ಬೆರಳಿನಿಂದ ಒತ್ತಿದ. ನೋಡಿದ. ಎದ್ದು ಬಂದು ನನ್ನ ತೊಡೆಯ ಕೆಳಗೆ ಕೈ ತೂರಿಸಿ ನನ್ನ ಕೈಗಳನ್ನು ಎಳೆದ. ಎರಡನ್ನೂ ಹಿಡಿದು ಒಂದಕ್ಕೊಂದು ತಾಗಿಸಲು ನೋಡಿದ. ನಾನು ಬಿಗಿ ಹಿಡಿದೆ. ಮೂರೂವರೆ ವರ್ಷದ ಮಗುವಿನ ಶಕ್ತಿ ಎಷ್ಟು? ಆಗಲಿಲ್ಲ. ನನ್ನ ಕಣ್ಣನ್ನು ನೇರವಾಗಿ ನೋಡಿದ. ಆಮೇಲೆ ತನ್ನದೇ ಕೈಯನ್ನು ಕಚ್ಚಿಕೊಂಡು ನೆಲಕ್ಕೆ ಬಿದ್ದು ಕಿರುಚತೊಡಗಿದ. ಆವತ್ತು ಅವನು ಮತ್ತೊಂದು ಚೌಕವನ್ನು ಮುಟ್ಟಲಿಲ್ಲ.

ನಿಶಿಮುರಾ ಸಾನ್ ಪೆಟ್ಟಿಗೆ ಮುಚ್ಚಿ, ಅವನ ಪಕ್ಕ ನೆಲದ ಮೇಲೆ ಕೂತು, ಅವನ ಕಿರುಚಾಟ ಇಳಿದ ಮೇಲೆ ಮಮತಾ ಕಡೆ ತಿರುಗಿ ಏನೋ ಕೇಳಿದರು.

"ಮಗು ನಿಮ್ಮಿಂದ ಏನಾದ್ರೂ ಕಾಯ್ತಿದ್ನಾ ಅಂತ ಕೇಳ್ತಿದಾರೆ ಅಕ್ಕ."

"ಇಲ್ಲ ಅನ್ನು."

ಅವಳು ನನ್ನನ್ನು ಒಂದು ಕ್ಷಣ ನೋಡಿ, ಇಲ್ಲವಂತೆ ಎಂದಳು. ನಿಶಿಮುರಾ ಸಾನ್ ನನಗೆ ತಲೆಬಾಗಿ, ಇಷ್ಟು ದಿನ ಒಬ್ಬರೇ ಬಹಳ ಕಷ್ಟಪಟ್ಟಿದ್ದೀರಿ ಎಂದರು. ನಾನು ಹೊರಗೆ ಬಂದು ಕಾರಿಡಾರಿನಲ್ಲೇ ಮೊಣಕಾಲೂರಿ ಅವನ ಮುಂದೆ ಕೂತು ಚಪ್ಪಾಳೆ ತಟ್ಟಿದೆ. ತಟ್ಟಿದೆ, ತಟ್ಟಿದೆ. ಸಾಕು ಅಕ್ಕ ಎಂದು ಮಮತಾ ನನ್ನ ಹೆಗಲು ಹಿಡಿದಳು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ.

ಪ್ರಮಾಣಪತ್ರ ಜನವರಿಯಲ್ಲಿ ಬಂತು. ಕೇಂದ್ರ ಸಿಕ್ಕಿತು, ಏಪ್ರಿಲ್‌ನಲ್ಲಿ ಶಿಶುವಿಹಾರವೂ ಸಿಕ್ಕಿತು. ಅಲ್ಲಿನವರು ದೇವರಂಥವರು. ಐದನೇ ವರ್ಷದಲ್ಲಿ ಧ್ರುವ ನೀರು ಬೇಕು ಎಂದ, ಆರಕ್ಕೆ ಅಮ್ಮ ಎಂದ. ಈಗ ಹದಿಮೂರು, ರೈಲಿನ ವೇಳಾಪಟ್ಟಿ ಪೂರ್ತಿ ಬಾಯಿಪಾಠ. ನಾನು ಅವತ್ತು ಮಾಡಿದ್ದು ಸರಿಯಾ ತಪ್ಪಾ ಎಂದು ಕೇಳಿದರೆ, ಸರಿ ಎಂದೇ ಹೇಳುತ್ತೇನೆ. ಬೇರೆ ದಾರಿಯಿರಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಹೊಸ ಶಾಲೆಗೆ ಸೇರಿಸುವಾಗ ಟೀಚರ್ ಒಂದು ಫಾರಂ ತುಂಬುತ್ತಿದ್ದರು. ಹಳೆಯ ಶಾಲೆಯ ಕಡತ ನೋಡಿ, ಇವನು ಯಾರಾದರೂ ಚಪ್ಪಾಳೆ ತಟ್ಟಿದರೆ ಕಿವಿ ಮುಚ್ಚಿಕೊಂಡು ಓಡಿಹೋಗುತ್ತಾನೆ ಎಂದು ಬರೆದಿದೆಯಲ್ಲ, ಇದು ಯಾವಾಗಿನಿಂದ ಎಂದು ಕೇಳಿದರು.

ಹುಟ್ಟಿದಾಗಿನಿಂದ ಎಂದೆ. ಅವರು ಹಾಗೇ ಬರೆದುಕೊಂಡರು.